ಅರಿಸಿನದ ಸುಗ್ಗಿಯಲ್ಲಿ ಹಾಲೆಂಡು

ಸಾಂಗ್ಲಿಯ ಅರಿಸಿನ ಪೇಟೆಯಲ್ಲಿ ಮಾರ್ಚ್, ಏಪ್ರಿಲ್ ತಿಂಗಳಲ್ಲಿ ಅಂಗಡಿ ಬಿಟ್ಟು ಕದಲುವ ವ್ಯಾಪಾರಿ ಎಂದರೆ ಒಂದೋ ಅವನು ಸತ್ತಿರಬೇಕು, ಇಲ್ಲವೇ ಅವನ ತಲೆ ಕೆಟ್ಟಿರಬೇಕು. ಹೊಸ ಮಾಲು ಬಂದು ಬೀಳುವ ಕಾಲ ಅದು. ಪೇಟೆಯ ನಾಯಿಗಳೂ ಹಳದಿಯಾಗಿ ತಿರುಗುತ್ತವೆ. ಅಂಥದ್ದರಲ್ಲಿ, ಮದುವೆಯಾದ ಇಪ್ಪತ್ತಾರು ವರ್ಷದಲ್ಲಿ ಗೋಕಾಕ ಫಾಲ್ಸ್‌ನಾಚೆ ಏನನ್ನೂ ಕೇಳದಿದ್ದ ಸ್ನೇಹಲ ಜನವರಿಯ ಒಂದು ಮಧ್ಯಾಹ್ನ ಗಂಡನ ತಾಟಿಗೆ ರೊಟ್ಟಿ ಹಾಕುತ್ತ, ಬರುವ ಏಪ್ರಿಲ್‌ನಲ್ಲಿ ಹಾಲೆಂಡ್, ಬೆಲ್ಜಿಯಂ ಎರಡೂ ದೇಶ ನೋಡಿಕೊಂಡು ಬರೋಣ ಎಂದಳು. ಗುರುಪಾದ ರೊಟ್ಟಿ ಮುರಿಯುವುದನ್ನು ಬಿಟ್ಟು ಅವಳನ್ನೇ ನೋಡಿದ. ಜ್ವರಗಿರ ಬಂದಿದೆಯೇ ಎಂದು ಕೇಳಿದ. ಕೊನೆಗೆ, ಮುಂದಿನ ವರ್ಷ ನೋಡೋಣ ಎಂದು ಮಾತು ಮುಗಿಸಿದ.

ಮುಂದಿನ ವರ್ಷ ಎಂಬ ಮಾತು ಕೇಳಿ ಸ್ನೇಹಲ ಇನ್ನೊಂದು ರೊಟ್ಟಿ ಹಾಕುವುದನ್ನೇ ಮರೆತಳು. ಎಂಟು ದಿನದ ಹಿಂದೆ ಮಿರಜಿನ ಕಣ್ಣಿನ ಡಾಕ್ಟರು ಅವಳೊಬ್ಬಳನ್ನೇ ಒಳಗೆ ಕರೆದಿದ್ದರು. ಗುರುಪಾದ ಆಗ ಹೊರಗೆ ನಿಂತು ಫೋನಿನಲ್ಲಿ ಪೇಟೆಯ ಧಾರಣೆ ಕೇಳುತ್ತಿದ್ದ. ನಮ್ಮ ಕಡೆ ರೋಗ ಒಬ್ಬರದಾದರೆ ಅದರ ಸುದ್ದಿ ಇನ್ನೊಬ್ಬರದು. ರೋಗಿಗೆ ಧೈರ್ಯ ಹೇಳಿ ಕಳಿಸುವುದು, ನಿಜವನ್ನು ಮನೆಯವರ ಉಡಿಗೆ ಹಾಕುವುದು, ಇದೇ ನಡೆದುಬಂದ ರೀತಿ. ಎರಡೂ ಕಣ್ಣಿನ ನರ ಒಣಗಿಹೋಗಿದೆ, ಆಪರೇಶನ್ನಿನ ಕಾಲ ಮೀರಿದೆ, ಈಗ ಕೊಳವೆಯೊಳಗಿಂದ ನೋಡಿದಷ್ಟು ಮಾತ್ರ ಕಾಣುತ್ತಿದೆ, ಮಳೆಗಾಲ ಮುಗಿಯುವುದರೊಳಗೆ ಅದೂ ಹೋಗಬಹುದು ಎಂದರು ಡಾಕ್ಟರು. ಗುರುಪಾದನಿಗೆ ಮಾತ್ರ, ಕಣ್ಣಿನಲ್ಲಿ ಸ್ವಲ್ಪ ಒತ್ತಡ ಇದೆ, ತಪ್ಪದೆ ಹನಿ ಹಾಕಿಕೊಳ್ಳಿ ಎಂದು ಬೆನ್ನು ತಟ್ಟಿದರು. ಅವನು ನಂಬಿದ. ಚೀಲಕ್ಕೆ ಎಡವಿದರೆ ಅದನ್ನು ಅಲ್ಲಿಟ್ಟ ಹಮಾಲನನ್ನು ಬೈದನೇ ಹೊರತು ತನ್ನ ಕಣ್ಣನ್ನಲ್ಲ.

ಹಾಲೆಂಡೇ ಏಕೆ ಎಂದರೆ ಅದಕ್ಕೂ ಒಂದು ಕಾರಣವಿತ್ತು. ಮದುವೆಯಾದ ವಾರದಲ್ಲಿ ಮಿರಜಿನ ಒಂದು ಫೋಟೋ ಸ್ಟುಡಿಯೋದಲ್ಲಿ ಇಬ್ಬರೂ ಫೋಟೋ ತೆಗೆಸಿಕೊಂಡಿದ್ದರು. ಹಿಂದಿನ ಪರದೆಯ ಮೇಲೆ ಕೆಂಪು, ಹಳದಿ ಹೂವಿನ ಹೊಲ, ಒಂದು ಗಾಳಿಯಂತ್ರ. ಒಮ್ಮೆ ಖರೆ ಖರೆ ಹೋಗೋಣ ಎಂದಿದ್ದ ಹೊಸ ಗಂಡ. ಹೊಸ ಗಂಡಂದಿರ ಮಾತನ್ನು ಯಾರೂ ಗಂಟು ಕಟ್ಟಿಕೊಳ್ಳುವುದಿಲ್ಲ, ಸ್ನೇಹಲ ಕಟ್ಟಿಕೊಂಡಿದ್ದಳು. ಕತ್ತಲಾಗುವ ಮೊದಲು ಅವನ ಕಣ್ಣು ತುಂಬ ಬಣ್ಣ ತುಂಬಿಬಿಡಬೇಕು, ಆಮೇಲೆ ಮೆಲುಕು ಹಾಕುವುದಕ್ಕಾದರೂ ಅಷ್ಟು ಇರಲಿ, ಇದೊಂದೇ ಅವಳ ತಲೆಯಲ್ಲಿ ಕುಳಿತಿತ್ತು. ಹೂವು ಏಪ್ರಿಲ್‌ನಲ್ಲಿ ಅರಳಿ ಮೇ ಹೊತ್ತಿಗೆ ಮುಗಿದುಹೋಗುತ್ತದೆ. ಇನ್ನೊಂದು ಏಪ್ರಿಲ್ ಅವನ ಪಾಲಿಗೆ ಇಲ್ಲ.

ಅವಳು ಅತ್ತಳು, ಮುನಿಸಿಕೊಂಡಳು, ಎರಡು ದಿನ ಊಟ ಬಿಟ್ಟಳು. ಗುರುಪಾದ ಜಗ್ಗಲಿಲ್ಲ. ಕೊನೆಗೆ ಅವನನ್ನು ಕೆಡವಿದ್ದು ಫೋನಿನಲ್ಲಿ ಸಿಕ್ಕ ಒಂದು ವಿಡಿಯೋ. ಹಾಲೆಂಡಿನ ಹೂವಿನ ಪೇಟೆಯ ಹರಾಜಿನಲ್ಲಿ ಸವಾಲು ಕೆಳಗಿನಿಂದ ಏರುವುದಿಲ್ಲ. ಗೋಡೆಯ ಮೇಲಿನ ದೊಡ್ಡ ಗಡಿಯಾರದಲ್ಲಿ ಧಾರಣೆ ಮೇಲಿನಿಂದ ಇಳಿಯುತ್ತ ಬರುತ್ತದೆ, ಮೊದಲು ಗುಂಡಿ ಒತ್ತಿದವನಿಗೆ ಮಾಲು. ಯಾರೂ ಕೂಗುವುದಿಲ್ಲ. ಹುಟ್ಟಿದಾಗಿನಿಂದ ಸವಾಲಿನ ಗದ್ದಲದಲ್ಲೇ ಬೆಳೆದ ಗುರುಪಾದ ಫೋನನ್ನು ಮೂಗಿಗೆ ಹಿಡಿದು ಅದನ್ನು ಏಳು ಸಲ ನೋಡಿದ. ಮರುದಿನ ಹನ್ನೆರಡು ದಿನದ ಮಟ್ಟಿಗೆ ಅಂಗಡಿ ನೋಡಿಕೊಳ್ಳಲು ತಮ್ಮ ಬಸವಪ್ರಸಾದನಿಗೆ ಹೇಳಿಯೂಬಿಟ್ಟ.

ಅಲ್ಲಿಂದ ಮುಂದೆ ಹುಚ್ಚು ಹಿಡಿದದ್ದು ಅವನಿಗೇ. ಒಂದು ವಹಿ ತಂದು ದಿನಕ್ಕೊಂದು ಪುಟದಂತೆ ಹನ್ನೆರಡು ಪುಟ ಬರೆದ. ಆ್ಯಮ್‌ಸ್ಟರ್‌ಡ್ಯಾಮ್ ಮೂರು ದಿನ, ಹೂವಿನ ಹೊಲ ಎರಡು ದಿನ, ಸವಾಲಿನ ಪೇಟೆ ಬೆಳಗಿನ ಆರಕ್ಕೆ. ಆಮೇಲೆ ರೈಲು ಹತ್ತಿ ಬೆಲ್ಜಿಯಂ, ಬ್ರೂಜ್, ಗೆಂಟ್, ಹಳೆಯ ಸಂತೆಕಟ್ಟೆಗಳು. ನಡುವೆ ಒಂದು ದಿನ ಹಳ್ಳಿಯ ದಾರಿಯಲ್ಲಿ ಸೈಕಲ್ಲು, ಹೊಡೆಯುವವಳು ಸ್ನೇಹಲ, ಹಿಂದೆ ಕೂರುವವನು ಅವನು. ಕೃಷ್ಣೆ ಉಕ್ಕಿದರೆ ನಮ್ಮ ಹರಿಪುರ ಮುಳುಗುತ್ತದೆ, ಸಮುದ್ರಕ್ಕಿಂತ ತಗ್ಗಿನಲ್ಲಿರುವ ಆ ಜನ ಹೇಗೆ ಮುಳುಗಲಿಲ್ಲ, ಅದನ್ನು ಕಣ್ಣಾರೆ ನೋಡಬೇಕು ಎನ್ನುತ್ತಿದ್ದ. ಹಲ್ಲಿದ್ದಾಗಲೇ ಕಡಲೆ ತಿನ್ನಬೇಕು ಎಂದು ಪೇಟೆಯಲ್ಲಿ ನಕ್ಕವರಿಗೆ ತಾನೂ ನಗುತ್ತ ಹೇಳುತ್ತಿದ್ದ. ಮನೆಯಲ್ಲಿ ಆ ಮಾತು ಬಂದಾಗ ಸ್ನೇಹಲ ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಲ್ಲುತ್ತಿದ್ದಳು.

ವೀಸಾದ ಕೆಲಸ ಹಿಡಿದವನು ಮಿರಜ ಸ್ಟೇಶನ್ ರಸ್ತೆಯಲ್ಲಿ ಟ್ರಾವೆಲ್ಸ್ ಇಟ್ಟಿದ್ದ ಧೀರಜ. ಕಾಗದಗಳನ್ನೆಲ್ಲ ಒಪ್ಪವಾಗಿ ಜೋಡಿಸಿ, ಇದಕ್ಕೆ ಒಂದು ಹಾಳೆ ಕೂಡಿಸುವುದೂ ಬೇಡ, ತೆಗೆಯುವುದೂ ಬೇಡ ಎಂದು ಫೈಲು ಕೊಟ್ಟಿದ್ದ. ಬೆರಳಚ್ಚು ಕೊಡಲು ಇಬ್ಬರೂ ಪುಣೆಯ ವೀಸಾ ಕಚೇರಿಗೆ ಹೋದರು. ಅಲ್ಲಿ ಗುರುಪಾದ ಚಹಾ ಕುಡಿಯಲು ಹೋದಾಗ ಸ್ನೇಹಲ ಪರ್ಸಿನಿಂದ ಎರಡು ಹಾಳೆ ತೆಗೆದು ಫೈಲಿನ ನಡುವೆ ಸೇರಿಸಿಬಿಟ್ಟಳು. ಒಂದು, ಮಿರಜಿನ ಡಾಕ್ಟರಿಂದ ಗುಟ್ಟಾಗಿ ಬರೆಸಿಕೊಂಡಿದ್ದ ಸರ್ಟಿಫಿಕೇಟು. ಇನ್ನೊಂದು, ತಾನೇ ಕೂತು ಇಂಗ್ಲಿಷಿನಲ್ಲಿ ಬರೆದ ವಿನಂತಿ ಅರ್ಜಿ: ನನ್ನ ಗಂಡನ ದೃಷ್ಟಿ ಈ ಮಳೆಗಾಲದೊಳಗೆ ಹೋಗುತ್ತದೆ, ದಯಮಾಡಿ ಬೇಗ ವೀಸಾ ಕೊಡಬೇಕು.

ಅವಳನ್ನು ಬೈಯುವ ಮೊದಲು ಯಾರಾದರೂ ಎದೆ ಮುಟ್ಟಿಕೊಂಡು ಹೇಳಲಿ, ನಮ್ಮಲ್ಲಿ ಇದು ನಡೆಯದ ಕಚೇರಿ ಯಾವುದಿದೆ? ಅರ್ಜಿಗೊಂದು ಡಾಕ್ಟರ ಸರ್ಟಿಫಿಕೇಟು ಹಚ್ಚಿದರೆ ಅರ್ಧ ಕೆಲಸ ಆದಂತೆಯೇ. ಅವಳ ಅಪ್ಪ, ಸಾಲಿ ಮಾಸ್ತರ, ಜತ್ತದಿಂದ ಮಿರಜಿಗೆ ವರ್ಗಾವಣೆ ಮಾಡಿಸಿಕೊಂಡದ್ದು ಹೆಂಡತಿಯ ಉಬ್ಬಸದ ಸರ್ಟಿಫಿಕೇಟಿನ ಮೇಲೆ. ಕಷ್ಟ ಬಿಚ್ಚಿ ಹೇಳಿಕೊಂಡರೆ ಎದುರಿಗಿನವನು ಕರಗುತ್ತಾನೆ, ಅವನೂ ಮನುಷ್ಯನೇ, ಇದು ಅವಳು ಹಾಲಿನ ಜೊತೆ ಕುಡಿದ ನಂಬಿಕೆ.

ಏಪ್ರಿಲ್ ಮೊದಲ ವಾರದಲ್ಲಿ ಧೀರಜನ ಫೋನು ಬಂತು. ಸ್ನೇಹಲ ಒಬ್ಬಳೇ ಮಿರಜಿಗೆ ಹೋದಳು. ಮೇಜಿನ ಮೇಲೆ ಎರಡು ಪಾಸ್‌ಪೋರ್ಟು, ಪಕ್ಕದಲ್ಲಿ ವೀಸಾ ಇಲ್ಲ ಎಂಬ ಪತ್ರ, ಮರಳಿ ಬಂದ ಕಾಗದಗಳು. ಅವುಗಳ ನಡುವಿನಿಂದ ಧೀರಜ ಎರಡು ಹಾಳೆ ಎತ್ತಿ ಹಿಡಿದ.

"ಕಾಕೂ, ಇವನ್ನ ಯಾರ ಹಚ್ಚಿದ್ರಿ?"

ಅವಳು ತಾನೇ ಎಂದಳು. ಧೀರಜ ಸಿಟ್ಟು ಮಾಡಲಿಲ್ಲ, ತಗ್ಗಿದ ದನಿಯಲ್ಲಿ ತಿಳಿಸಿ ಹೇಳಿದ. ಅಲ್ಲಿಯವರು ಇದನ್ನು ಓದಿ ಮರುಗುವುದಿಲ್ಲ, ಈ ಮನುಷ್ಯ ಹೂವು ನೋಡಲು ಬರುತ್ತಿಲ್ಲ, ಕಣ್ಣಿಗೆ ಔಷಧ ಮಾಡಿಸಿಕೊಳ್ಳಲು ಬಂದು ಅಲ್ಲೇ ಉಳಿದುಬಿಡುತ್ತಾನೆ ಎಂದುಕೊಳ್ಳುತ್ತಾರೆ. ಮತ್ತೆ ಅರ್ಜಿ ಹಾಕಬಹುದಲ್ಲ ಎಂದು ಸ್ನೇಹಲ ಕೇಳಿದಳು. ತಾರೀಖು ಸಿಗುವುದೇ ಮೇ ಕೊನೆಗೆ, ಆ ಹೊತ್ತಿಗೆ ಹೊಲದಲ್ಲಿ ಹೂವು ಇರುವುದಿಲ್ಲ ಎಂದ ಅವನು. ಬೇರೆ ದೇಶ? ಈ ಪತ್ರ ಬಂದ ಮೇಲೆ ಅದೂ ಈ ತಿಂಗಳಲ್ಲಿ ಆಗುವ ಮಾತಲ್ಲ. ಅವಳು ಹಾಗಾದರೆ, ಹೀಗಾದರೆ ಎಂದು ಕೇಳುತ್ತಲೇ ಹೋದಳು, ಅವನು ತಲೆ ಅಲ್ಲಾಡಿಸುತ್ತಲೇ ಹೋದ. ಕೊನೆಗೆ ಅವಳು ಆ ಎರಡು ಹಾಳೆಗಳನ್ನು ಮಡಚಿ ಪರ್ಸಿಗೆ ಹಾಕಿಕೊಂಡು ಎದ್ದಳು.

ಸಾಂಗ್ಲಿಯ ಬಸ್ಸಿನಲ್ಲಿ ಕಿಟಕಿಗೆ ಹಣೆ ಹಚ್ಚಿ ಕುಳಿತಳು. ಅವನ ಕಣ್ಣನ್ನು ಕಸಿದದ್ದು ರೋಗ, ಕಣ್ಣು ಇರುವಷ್ಟು ದಿನ ನೋಡಬಹುದಾಗಿದ್ದನ್ನು ಕಸಿದದ್ದು ತಾನು. ಕೈಗೆ ಬಂದ ತುತ್ತನ್ನು ತಾನೇ ನೆಲಕ್ಕೆ ಚೆಲ್ಲಿದೆ ಎಂದು ಎದೆ ಬಡಿದುಕೊಳ್ಳಬೇಕೆನಿಸಿತು. ಬಸ್ಸಿನ ತುಂಬ ಜನ ಇದ್ದರು. ಪರ್ಸಿನಲ್ಲಿದ್ದ ಎರಡು ಹಾಳೆಗಳನ್ನು ಹರಿದು ಹೊರಗೆ ಎಸೆಯಬೇಕು ಎಂದುಕೊಂಡು ಎರಡು ಸಲ ಕೈ ಹಾಕಿದಳು, ಎರಡು ಸಲವೂ ಕೈ ತೆಗೆದಳು.

ಅಂದು ಪೇಟೆಗೆ ರಜೆ. ಗುರುಪಾದ ಮನೆಯಲ್ಲೇ ವಹಿ ತೆರೆದುಕೊಂಡು ಕುಳಿತಿದ್ದ. ವೀಸಾ ಆಗಲಿಲ್ಲ ಎಂದು ಸ್ನೇಹಲ ಬಾಗಿಲಲ್ಲೇ ಹೇಳಿದಳು. ಅವನ ಮುಖ ಸಣ್ಣದಾಯಿತು. ಆ ಗಡಿಯಾರದ ಸವಾಲು ನೋಡಬೇಕಿತ್ತು ಎಂದ. ಆಮೇಲೆ, ಅವಳ ಮುಖ ಕಂಡೋ ಏನೋ, ತಾನೇ ಸಮಾಧಾನ ಹೇಳತೊಡಗಿದ.

"ಹೋಗ್ಲಿ ಬಿಡು. ಮುಂದಿನ ವರ್ಷ ಹೋಗೂಣು. ಹೂವು ಎಲ್ಲಿ ಓಡಿಹೋಗ್ತಾವ?"

ಪೆನ್ನು ತೆಗೆದ. ವಹಿಯ ಮೊದಲ ಪುಟವನ್ನು ಮೂಗಿನ ಹತ್ತಿರ ಎತ್ತಿ, ಮೇಲಿದ್ದ ತಾರೀಖಿನ ಇಸವಿಯನ್ನು ಹುಡುಕಿ ಹುಡುಕಿ ಹಿಡಿದು, ಅದಕ್ಕೆ ಗೆರೆ ಎಳೆದು, ಪಕ್ಕದಲ್ಲಿ ಮುಂದಿನ ಇಸವಿ ಬರೆದ. ಎರಡನೆಯ ಪುಟ ತಿರುವಿದ. ಅಲ್ಲೂ ಹುಡುಕಿದ, ಗೆರೆ ಎಳೆದ, ಬರೆದ. ಹನ್ನೆರಡು ಪುಟ ಅವನು ಹೀಗೆಯೇ ಬರೆಯುವುದನ್ನು ನೋಡುತ್ತ ನಿಲ್ಲುವ ಶಕ್ತಿ ಸ್ನೇಹಲಳಿಗೆ ಇರಲಿಲ್ಲ. ನಾಲ್ಕನೆಯ ಪುಟಕ್ಕೆ ಬಂದಾಗ ಅವಳು ಅವನ ಕೈ ಹಿಡಿದಳು.

"ಬ್ಯಾಡ್ರಿ. ಮುಂದಿನ ವರ್ಷ ಬರೀಬ್ಯಾಡ್ರಿ."

ಯಾಕೆ ಎಂದ. ಅವಳು ಪರ್ಸಿನಿಂದ ಸರ್ಟಿಫಿಕೇಟು ತೆಗೆದು ಅವನ ಮುಂದಿಟ್ಟಳು. ಒತ್ತೊತ್ತಾದ ಇಂಗ್ಲಿಷ್ ಅಕ್ಷರ ಅವನಿಗೆ ಹತ್ತಲಿಲ್ಲ. ನೀನೇ ಓದು ಎಂದು ಹಾಳೆಯನ್ನು ಮರಳಿ ಅವಳ ಕಡೆ ಸರಿಸಿದ. ಬೇರೆ ಏನನ್ನಾದರೂ ಓದಿಬಿಡಬಹುದಿತ್ತು, ಅವನಿಗೆ ತಿಳಿಯುತ್ತಿರಲಿಲ್ಲ. ಅವಳು ಇದ್ದದ್ದನ್ನೇ ಓದಿದಳು, ಒಂದೊಂದು ಸಾಲನ್ನೂ ಕನ್ನಡದಲ್ಲಿ ಹೇಳಿದಳು. ಅದನ್ನು ಫೈಲಿಗೆ ತಾನೇ ಹಚ್ಚಿದ್ದು, ಅದರಿಂದಲೇ ವೀಸಾ ಹೋದದ್ದು, ಅದನ್ನೂ ಹೇಳಿದಳು.

ಗುರುಪಾದ ಪೆನ್ನಿಗೆ ಟೋಪಿ ಹಾಕಿ ಜೇಬಿಗೆ ಸಿಕ್ಕಿಸಿಕೊಂಡ. ಡಾಕ್ಟರು ಯಾವಾಗ ಹೇಳಿದರು ಎಂದು ಕೇಳಿದ. ಸಂಕ್ರಮಣ ಆದ ಮೇಲೆ ಎಂದಳು. ಅವನು ಮನಸ್ಸಿನಲ್ಲೇ ತಿಂಗಳು ಎಣಿಸಿದ.

"ನನ್ನ ಕಣ್ಣಿನ ಸುದ್ದಿ ಪರದೇಶದವರಿಗೆ ಹೇಳಿದಿ," ಎಂದ. "ನನಗ ಹೇಳಲಿಲ್ಲ."

ಅವನು ಎದ್ದ. ಕುರ್ಚಿಗೆ ತೊಡೆ ತಾಗಿಸಿಕೊಂಡು ಕಿಟಕಿಯ ಹತ್ತಿರ ಹೋದ, ಎರಡೂ ಬಾಗಿಲು ಪೂರ್ತಿ ತೆರೆದ. ಮಧ್ಯಾಹ್ನದ ಬಿಸಿಲು ನೆಲದ ಮೇಲೆ ಬಿತ್ತು. ಅವಳನ್ನು ಕರೆದು ಆ ಬೆಳಕಿನಲ್ಲಿ ಕೂರಲು ಹೇಳಿದ, ತಾನು ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಎದುರಿಗೆ ಕುಳಿತ. ಅವಳ ಮುಖ ಒಮ್ಮೆಗೇ ಪೂರ್ತಿಯಾಗಿ ಅವನ ಕಣ್ಣಿಗೆ ಸಿಗುತ್ತಿರಲಿಲ್ಲ. ಹಣೆ ನೋಡಿದ, ತಲೆ ಸ್ವಲ್ಪ ಸರಿಸಿ ಒಂದು ಕಣ್ಣು, ಮತ್ತೆ ಸರಿಸಿ ಇನ್ನೊಂದು, ಆಮೇಲೆ ಮೂಗು, ಗದ್ದ. ಅಷ್ಟರಲ್ಲಿ ಅವಳ ತುಟಿ ನಡುಗತೊಡಗಿತು.

"ಅಳಬ್ಯಾಡ," ಎಂದ ಗುರುಪಾದ. "ಅತ್ತರ ಮಾರಿ ಬ್ಯಾರೆ ಆಗ್ತದ. ನನಗ ದಿನಾ ಇರೋ ಮಾರಿ ಬೇಕು."