ಅನಸೂಯಮ್ಮನ ಕಾಲು ಮಾತ್ರೆ

ಸೊಸೆಯ ಮುಂದೆ ಕೈ ಚಾಚುವುದೆಂದರೆ ಅನಸೂಯಮ್ಮನಿಗೆ ಕೆಂಡ ಮುಟ್ಟಿದಂತೆ. ಹೋಗಲಿ, ಅತ್ತೆಗೇನು ಬೇಕೆಂದು ತಾನಾಗಿ ಕೇಳುವ ಬುದ್ಧಿ ನಿಸರ್ಗಾಳಿಗಾದರೂ ಇತ್ತೇ? ಅದೂ ಇಲ್ಲ. ಇಬ್ಬರದೂ ಒಂದೇ ತೂಕದ ಹಠ. ಕೊರೋನಾ ಬಂದು ಪರದೇಶದ ಈ ಕಾರ್ಕ್ ಊರೆಲ್ಲ ಬಾಗಿಲು ಹಾಕಿದ ಮೇಲೆ ಒಬ್ಬರಿಂದೊಬ್ಬರು ತಪ್ಪಿಸಿಕೊಳ್ಳಲು ಜಾಗವೂ ಉಳಿಯಲಿಲ್ಲ.

ಅನಸೂಯಮ್ಮ ಬಂದದ್ದು ಬಾಣಂತನಕ್ಕೆ. ತವರಿನವರು ಮಾಡಬೇಕಾದದ್ದು, ನಿಸರ್ಗಾಳ ತಾಯಿಗೆ ವೀಸಾ ಸಿಗದೆ ಅತ್ತೆಯ ಹೆಗಲಿಗೆ ಬಿತ್ತು. ಮೂರು ತಿಂಗಳಿಗಾಗುವಷ್ಟು ಬಿ.ಪಿ. ಮಾತ್ರೆ ಕಟ್ಟಿಕೊಂಡು ಬಂದರು. ಮೊಮ್ಮಗಳು ಐಶು ಹುಟ್ಟಿದಳು, ಅದರ ಹಿಂದೆಯೇ ವಿಮಾನ ನಿಂತಿತು. ಮಾತ್ರೆ ಮುಗಿಯುತ್ತಾ ಬಂದಾಗ ಒಂದು ಸಲ, ಒಂದೇ ಒಂದು ಸಲ, ಸೊಸೆಯನ್ನು ಕೇಳಿದರು.

“ಇಲ್ಲಿ ಡಾಕ್ಟರ್ ಚೀಟಿ ಇಲ್ದೆ ಯಾರೂ ಕೊಡಲ್ಲ ಅತ್ತೆ. ಬರೋವಾಗ್ಲೇ ಜಾಸ್ತಿ ತರಬೇಕು ಅಂತ ಗೊತ್ತಾಗ್ಲಿಲ್ವಾ ನಿಮಗೆ?”

“ಇದೆ ಬಿಡಮ್ಮ,” ಎಂದರು ಅನಸೂಯಮ್ಮ. ಅವತ್ತಿನಿಂದ ಮಾತ್ರೆ ಅರ್ಧವಾಯಿತು. ಆಮೇಲೆ ಕಾಲು. ಏಕಾದಶಿ, ಶನಿವಾರ ಎಂದು ಅದೂ ತಪ್ಪಿತು. ಚಳಿಗಾಲದ ಹೊತ್ತಿಗೆ ಮಾತ್ರೆಯ ಪಟ್ಟಿಯೇ ಬರಿದು. ಮಗನಿಗೆ ಹೇಳಬಹುದಿತ್ತಲ್ಲ ಎನ್ನಬೇಡಿ. ಅಭಿಗೆ ಹೇಳುವುದೂ ಒಂದೇ, ನಿಸರ್ಗಾಳಿಗೆ ಹೇಳುವುದೂ ಒಂದೇ.

ಅಷ್ಟರಲ್ಲಿ ಮರೆವು ಶುರುವಾಗಿತ್ತು. ಮೊದಲು ಹಾಲು ಉಕ್ಕಿತು, ಪಾತ್ರೆ ಸೀಯಿತು. ಒಂದು ದಿನ ಬಿಸಿಲು ಕಾಯಿಸಲೆಂದು ಐಶುವನ್ನು ತಳ್ಳುಗಾಡಿಯಲ್ಲಿ ಹಿತ್ತಲಿಗೆ ಒಯ್ದವರು ಒಳಗೆ ಬಂದು ಕಾಫಿಗೆ ನೀರಿಟ್ಟರು. ಹೊರಗೊಂದು ಮಗುವಿದೆ ಎಂಬುದೇ ತಲೆಯಿಂದ ಜಾರಿತು. ಮಳೆ ಬಂತು. ಕೆಲಸ ಮುಗಿಸಿ ಬಂದ ನಿಸರ್ಗಾ ತೊಪ್ಪೆಯಾದ ಮಗುವನ್ನು ಎದೆಗವಚಿಕೊಂಡು ಒಳಗೆ ಬಂದಳು.

“ಇದು ಅಲ್ಝೈಮರ್ಸೇ. ಇನ್ಮೇಲೆ ಐಶುನ ನಿಮ್ಮ ಕೈಗೆ ಕೊಡಲ್ಲ.”

ಆ ಕಾಯಿಲೆಯ ಗುರುತನ್ನು ರಕ್ತದಲ್ಲೇ ಹುಡುಕುವ ಪ್ರಯೋಗಾಲಯದಲ್ಲಿ ಅವಳಿಗೆ ಕೆಲಸ. ಹಾಗಾಗಿ ಅವಳು ಹೇಳಿದ್ದೇ ತೀರ್ಪು. ಹಾಲಿಹಿಲ್ ಬಡಾವಣೆಯ ಆಫೀಸು ಮುಚ್ಚಿದ್ದರಿಂದ ಮನೆಯಿಂದಲೇ ಕೆಲಸ ಮಾಡುತ್ತಿದ್ದ ಅಭಿ ಮಗುವನ್ನು ತನ್ನ ಕೋಣೆಗೆ ಸೇರಿಸಿಕೊಂಡು, “ಎಲ್ಲ ಗ್ರ್ಯಾಂಡ್ ಆಗುತ್ತೆ, ಸರಿಹೋಗುತ್ತೆ ಬಿಡಮ್ಮ,” ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟ. ಮುಚ್ಚಿದ ಬಾಗಿಲಿನಾಚೆ ಮಗು ಅತ್ತಾಗಲೆಲ್ಲ ಅನಸೂಯಮ್ಮ ಅಲ್ಲಿಯವರೆಗೆ ಹೋಗಿ ಹಿಂದಿರುಗುತ್ತಿದ್ದರು. ಕೊನೆಗೆ ಅವರೇ ಸವಾಲು ಹಾಕಿದರು.

“ತೆಗೆಸು ನನ್ನ ರಕ್ತ. ಆ ಕಾಯಿಲೆ ಇಲ್ಲ ಅಂತ ಬಂದ್ರೆ ಮಗೂನ ನನ್ನ ತೊಡೆ ಮೇಲೆ ತಂದು ಕೂರಿಸಬೇಕು.”

“ಆಯ್ತು. ಮಾತು ಕೊಟ್ಟೆ,” ಎಂದಳು ನಿಸರ್ಗಾ.

ರಕ್ತ ತೆಗೆದರು, ತಲೆಯ ಸ್ಕ್ಯಾನ್ ಮಾಡಿದರು. ಫಲಿತಾಂಶ ಹೇಳಲು ಕೂತ ಡಾಕ್ಟರ್ ಪ್ರಹ್ಲಾದ ದಾವಣಗೆರೆಯಲ್ಲಿ ಓದಿದವರು.

“ಅಲ್ಝೈಮರ್ಸ್‌ನಲ್ಲಿ ಏರೋ ಪ್ರೋಟೀನ್ ನಿಮ್ಮ ರಕ್ತದಲ್ಲಿ ಏರಿಲ್ಲಮ್ಮ. ಟೆಸ್ಟ್ ಇನ್ನೂ ಹೊಸದು, ಅದೊಂದನ್ನೇ ನಂಬೋಕಾಗಲ್ಲ. ಆದ್ರೆ ಸ್ಕ್ಯಾನೂ ಬೇರೆ ಕಡೆಗೇ ಬೆರಳು ತೋರಿಸ್ತಿದೆ.”

ಅನಸೂಯಮ್ಮ ಸೊಸೆಯ ಕಡೆ ತಿರುಗಿದರು. ಮಾಸ್ಕ್ ಹಿಂದಿನ ನಗು ಕಣ್ಣಲ್ಲೇ ಕಾಣುತ್ತಿತ್ತು. “ಕೇಳಿಸ್ತಾ?”

“ಪೂರ್ತಿ ಕೇಳಿ,” ಎಂದರು ಡಾಕ್ಟರು. “ಮೆದುಳಿನ ಸಣ್ಣ ರಕ್ತನಾಳಗಳು ಕೆಟ್ಟಿವೆ. ನಿಮಗೆ ಗೊತ್ತಾಗದ ಹಾಗೆ ಅಲ್ಲಲ್ಲಿ ಸಣ್ಣ ಸ್ಟ್ರೋಕ್ ಆಗಿವೆ. ಬಿ.ಪಿ. ಇನ್ನೂರರ ಹತ್ರ ಇದೆ. ಮಾತ್ರೆ ತಗೊಳ್ತೀರಾ ಅಂತ ನರ್ಸ್ ಕೇಳಿದ್ದಕ್ಕೆ ಹೂಂ ಅಂದಿದ್ರಂತೆ. ನಿಜ ಹೇಳಿ.”

ಅನಸೂಯಮ್ಮ ಎಲ್ಲವನ್ನೂ ಹೇಳಿದರು, ಅರ್ಧ, ಕಾಲು, ಆಮೇಲೆ ಏನೂ ಇಲ್ಲ. ಹೇಳಿ, “ಹೋಗಿರೋ ನೆನಪು ವಾಪಸ್ ಬರುತ್ತಾ?” ಎಂದು ಕೇಳಿದರು.

“ಇನ್ನಷ್ಟು ಕೆಡದ ಹಾಗೆ ನೋಡ್ಕೋಬಹುದು. ಹೋಗಿದ್ದು ಪೂರ್ತಿ ಬರೋದು ಕಷ್ಟ.”

ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ? ಈ ಹೆಂಗಸು ಕೊಯ್ದುಕೊಂಡದ್ದು ಮೂಗನ್ನೂ ಅಲ್ಲ, ತಲೆಯನ್ನು.

ಕಾರಿನಲ್ಲಿ ಕೂತ ಮೇಲೆ ನಿಸರ್ಗಾ ಅತ್ತೆಯ ಕಡೆ ತಿರುಗಿದಳು. “ಡಾಕ್ಟರಿಗೆ ಒಂದು ಫೋನ್ ಮಾಡಿದ್ರೆ ಮಾತ್ರೆ ಸಿಕ್ತಿತ್ತು. ಇನ್ನೊಂದು ಸಲ ಕೇಳೋಕೆ ಏನಾಗಿತ್ತು ನಿಮಗೆ?”

“ಆ ಫೋನನ್ನ ನೀನು ಮಾಡೋಕೆ ಏನಾಗಿತ್ತು? ನಿನ್ನನ್ನ ಇನ್ನೊಂದು ಸಲ ಕೇಳೋದಕ್ಕಿಂತ ಎಲ್ಲ ಮರೆತು ಹೋಗೋದೇ ವಾಸಿ ಅನ್ನಿಸ್ತು.”

ಸುಳ್ಳೇಕೆ, ಆಡಿದ ಮೇಲೆ ಅನಸೂಯಮ್ಮನಿಗೆ ಹೊಟ್ಟೆ ತಣ್ಣಗಾಯಿತು.

ಮರುದಿನ ಬೆಳಿಗ್ಗೆ ಅವಳು ಹೊಸ ಮಾತ್ರೆ, ನೀರು ಹಿಡಿದು ಬಂದಳು. “ನನ್ನೆದುರಿಗೇ ನುಂಗಿ.”

“ಅಲ್ಲಿಟ್ಟು ಹೋಗು.”

“ಇಲ್ಲ.”

ಬಾಗಿಲಲ್ಲಿ ಅಭಿಯ ಕಂಕುಳಲ್ಲಿದ್ದ ಐಶು ಅಜ್ಜಿಯ ಕಡೆಗೆ ಕೈ ಚಾಚಿದಳು. ಅನಸೂಯಮ್ಮ ನುಂಗಿದರು.

“ಬಾಯಿ ತೆಗೀರಿ, ನೋಡಬೇಕು.”

ಅವಮಾನದಿಂದ ಮೈ ಉರಿದುಹೋಯಿತು. ಆದರೂ ತೆರೆದರು, ನಾಲಿಗೆ ಎತ್ತಿಯೂ ತೋರಿಸಿದರು. ನಿಸರ್ಗಾ ಬಗ್ಗಿ ನೋಡಿದಳು. ಕೊಟ್ಟ ಮಾತಿನಂತೆ ಮಗುವನ್ನು ತಂದು ಅತ್ತೆಯ ತೊಡೆಯ ಮೇಲೆ ಕೂರಿಸಿದಳು. ಆಮೇಲೆ ಕುರ್ಚಿ ಎಳೆದುಕೊಂಡು ಎದುರಿಗೇ ಕೂತಳು.

ಅನಸೂಯಮ್ಮ ಕಾದರು. ಅವಳು ಏಳಲಿಲ್ಲ.

“ಕೆಲಸಕ್ಕೆ ಹೋಗಲ್ವಾ?”

“ಬಿಟ್ಟೆ,” ಎಂದಳು ನಿಸರ್ಗಾ, ಮಗುವಿನ ಮೇಲಿಂದ ಕಣ್ಣು ತೆಗೆಯದೆ. “ಇನ್ಮೇಲೆ ಇಲ್ಲೇ ಇರ್ತೀನಿ. ನೀವು ಆಡಿಸಿ.”