ಅವಳ ಪಾಲಿನ ಕರೆಂಟು

ಬ್ಯಾಟರಿ ಮೀಟರಿನ ಮುಳ್ಳು ಅಲುಗಲಿಲ್ಲ, ತುಂಬಿದ ಗೆರೆಯ ಮೇಲೆ ತಲೆಯಿಟ್ಟು ಹಾಯಾಗಿ ಮಲಗಿದೆ, ಬೆರಳಿನಿಂದ ಗಾಜು ತಟ್ಟಿ ನೋಡಿದ, ಊಹೂಂ, ದೀಪ ಹಾಕಿದ, ರೇಡಿಯೊ ಹಾಕಿದ, ನೀರಿನ ಆಳ ತೋರಿಸುವ ಪೆಟ್ಟಿಗೆ ಹಾಕಿದ, ಅವಳ ತಲೆದೆಸೆಗೆಂದು ಕೂರಿಸಿದ್ದ ಅಂಗೈಯಗಲದ ಫ್ಯಾನನ್ನೂ ತಿರುಗಿಸಿದ, ಆಗ ಕೂದಲೆಳೆಯಷ್ಟು ಕೆಳಗಿಳಿಯಿತೋ ಇಲ್ಲವೋ — ಚಾವಣಿಯ ಸೋಲಾರ್ ಹಲಗೆಗಳು ದಿನವಿಡೀ ಬಿಸಿಲು ಹೀರಿ ಬ್ಯಾಟರಿಗೆ ತಂದು ಸುರಿಯುತ್ತಿವೆ, ಉಣ್ಣುವವರಿಲ್ಲದ ಮನೆಯಲ್ಲಿ ಅಡುಗೆ ಮಾಡಿಟ್ಟ ಹಾಗೆ, ಇದೇ ಮುಳ್ಳಿನ ಮುಂದೆ ಒಂದು ಕಾಲಕ್ಕೆ ಕೈಕಟ್ಟಿ ಕೂತು ಇನ್ನೊಂಚೂರು ನಿಲ್ಲು ತಾಯಿ ಎಂದು ಬೇಡಿಕೊಂಡಿದ್ದ. ಭಾವ, ಫ್ರಿಜ್ ಕೊಡ್ಲಾ, ಕೈ ನೋಯ್ತಿದೆ, ಎಂದು ದೋಣಿ ಕಟ್ಟಿಹಾಕಿದ್ದ ದಕ್ಕೆಯ ಮೇಲಿಂದ ಭಾವಮೈದುನ ಕೂಗಿದ, ಅವಳ ತಮ್ಮ, ಕ್ರೇನು ಓಡಿಸುವವನು, ದಿನಾ ಟನ್ನುಗಟ್ಟಲೆ ಕಬ್ಬಿಣ ಎತ್ತಿ ಇಳಿಸುವವನಿಗೆ ಇಷ್ಟು ಚಿಕ್ಕ ಫ್ರಿಜ್ಜು ಹಿಡಿದು ಕೈನೋವು, ಕೊಡಪ್ಪಾ ಕೊಡು, ಎಂದು ಇವನು ಕ್ಯಾಬಿನ್ನಿನ ಬಾಗಿಲಿಗೆ ಬಂದು ಅದನ್ನು ಎದೆಗಾನಿಸಿ ಒಳಗಿಳಿಸಿಕೊಂಡ, ಅವನೇ ಕೊಂಡು ತಂದದ್ದು, ಬೇಡವೆಂದರೂ ಕೇಳಲಿಲ್ಲ, ಅಕ್ಕ ಹೋದ್ಮೇಲೆ ನೀವು ದೋಣಿ ಕಡೆ ತಲೇನೇ ಹಾಕಿಲ್ಲ, ಅಷ್ಟು ಒದ್ದಾಡಿ ಕಟ್ಟಿದ್ದನ್ನ ಕೊಳೆಯೋಕೆ ಬಿಡೋದಾ, ಅವತ್ತು ಸಾಲಲ್ಲ ಅಂತ ಬಿಟ್ಟಿದ್ದನ್ನೆಲ್ಲ ಈಗ ಹಾಕ್ಸೋಣ, ಈಗ ಕರೆಂಟು ಬೇಕಾದಷ್ಟಿದ್ಯಲ್ಲ — ಅಂದುಬಿಟ್ಟು ನಾಲಿಗೆ ಕಚ್ಚಿಕೊಂಡ, ಪಾಪ, ಅವನು ಹೇಳಿದ್ದರಲ್ಲಿ ಸುಳ್ಳೇನಿದೆ, ಬೇಕಾದಷ್ಟಿದೆ.

ಫ್ರಿಜ್ಜಿಗೆ ಇರುವುದು ಒಂದೇ ಜಾಗ, ಮಲಗುವ ಹಲಗೆಯ ಪಕ್ಕ, ಅಲ್ಲಿ ರಬ್ಬರು ಮೆತ್ತಿದ ಕಬ್ಬಿಣದ ಪಟ್ಟಿಯೊಂದು ಇನ್ನೂ ಬಾಯಿ ತೆರೆದುಕೊಂಡು ನಿಂತಿದೆ, ಅದನ್ನು ಕಿತ್ತರೆ ಆಯಿತು, ಸ್ಕ್ರೂಡ್ರೈವರ್ ಎಲ್ಲಿಟ್ಟೆ, ಜೇಬಿನಲ್ಲೇ ಇದೆ, ಮೊಣಕಾಲೂರಿ ಕೂತ, ಮೊಣಕಾಲು ಲಟಕ್ಕೆಂದಿತು, ಲಿಫ್ಟು ರಿಪೇರಿಗೆಂದು ಆಯುಷ್ಯವೆಲ್ಲ ಅದರ ಗುಂಡಿಗಳಲ್ಲಿ ಇಳಿದು ಹತ್ತಿದ ಕಾಲು. ಮೇಲೆ ಕೆಳಗೆ ಓಡಾಡಿ ಸಾಕಾಯ್ತು ಅಂತ ಈಗ ಅಡ್ಡಡ್ಡ ಹೋಗೋಕೆ ಹೊರಟಿದ್ದಾರೆ ನಮ್ಮನೆಯವರು, ಎಂದು ಅವಳು ಶಾಲೆಯ ಟೀಚರುಗಳ ಮುಂದೆಲ್ಲ ಹೇಳಿ ನಗಿಸುತ್ತಿದ್ದಳಂತೆ, ಮನೆಯ ಪಕ್ಕದ ಖಾಲಿ ಜಾಗಕ್ಕೆ ತಗಡು ಹೊದಿಸಿ, ಪ್ಲೈವುಡ್ಡು ಬಗ್ಗಿಸಿ ದೋಣಿಯ ಪಕ್ಕೆಲುಬು ನಿಲ್ಲಿಸಿದಾಗ ಬೀದಿಯವರೆಲ್ಲ ಹಡಗಪ್ಪ ಎಂದು ಹೆಸರಿಟ್ಟರು, ಟಪಾಲಿನವನು ಕೂಡ ಹಡಗಪ್ಪನವ್ರೇ ಎಂದೇ ಬಾಗಿಲು ಬಡಿಯುತ್ತಿದ್ದ. ಅವಳು ಮೊದಮೊದಲು ಮೂತಿ ತಿರುಗಿಸಿದಳು, ಆಮೇಲೆ ಒಂದು ಸಂಜೆ ಇವನ ಹಳೇ ಅಂಗಿ ತೊಟ್ಟು ಬಂದು ಕೊಡಿ ಇಲ್ಲಿ ಎಂದು ಕೈಯಿಂದ ಉಪ್ಪುಕಾಗದ ಕಿತ್ತುಕೊಂಡಳು, ಅಂದಿನಿಂದ ಶಾಲೆ ಮುಗಿಸಿ ಬಂದು ದೋಣಿ ಉಜ್ಜುವುದೇ ಕೆಲಸ, ರಾಳ ಬಳಿದು ಒಣಗಿಸಿ ಉಜ್ಜು, ಮತ್ತೆ ಬಳಿ, ಮತ್ತೆ ಉಜ್ಜು, ಹುಬ್ಬಿನ ಮೇಲೆ, ರೆಪ್ಪೆಯ ಮೇಲೆ ಬಿಳೀ ಪುಡಿ, ಅಯ್ಯೋ ಮುದುಕಿ ಆಗ್ಬಿಟ್ಯಲ್ಲೇ ಎಂದು ನಕ್ಕಿದ್ದ, ಮೂಗಿಗೊಂದು ಬಟ್ಟೆ ಕಟ್ಟಿಕೋ ಎಂದಿದ್ದನೇ? ಎಂದಿದ್ದ, ಒಂದೆರಡು ಸಲ, ಗಟ್ಟಿಯಾಗಿ ಅಲ್ಲ. ಮನೇಲಿ ಧೂಳಿನ ಕೆಲಸ ಏನಾದ್ರೂ ಮಾಡ್ತೀರಾ ಎಂದು ಡಾಕ್ಟರು ಅವಳ ಶ್ವಾಸಕೋಶದ ಚಿತ್ರ ಬೆಳಕಿಗೆ ಹಿಡಿದು ಕೇಳಿದಾಗ ಇವನು ಬಾಯಿ ತೆರೆದ, ಅಷ್ಟರಲ್ಲಿ ಮೇಜಿನ ಕೆಳಗೆ ಅವಳ ಕೈ ಇವನ ತೊಡೆಯನ್ನು ಅದುಮಿತು, ನಾನು ಟೀಚರು ಡಾಕ್ಟ್ರೇ, ಜನ್ಮವೆಲ್ಲ ಸೀಮೆಸುಣ್ಣ ತಿಂದಿದ್ದೀನಿ, ಅದೇ ಇರ್ಬೇಕು. ದಾರಿಯಲ್ಲಿ ಯಾಕೆ ಹಾಗಂದೆ ಎಂದರೆ, ಇನ್ನೇನ್ ಹೇಳ್ಲಿ, ಸೀಮೆಸುಣ್ಣದ ಮೇಲೆ ಸಿಟ್ಟು ಮಾಡ್ಕೊಂಡ್ರೆ ಯಾರಿಗೂ ನಷ್ಟ ಇಲ್ಲ, ಎಂದಳು. ಅಷ್ಟೇ, ಆ ಮಾತು ಮತ್ತೆ ಬಂದದ್ದು ಒಂದೇ ಸಲ.

ಒಂದು ಸ್ಕ್ರೂ ಬಂತು, ಅಂಗೈಯಲ್ಲಿ ಹಿಡಿದುಕೊಂಡ, ಎರಡನೆಯದು ತುಕ್ಕು ಹಿಡಿದಿದೆ — ಈ ದೋಣಿಯನ್ನು ಆಗಲೇ ಒಡೆದು ಸೌದೆ ಮಾಡಬೇಕಿತ್ತು, ಮಾಡಹೊರಟಿದ್ದ, ಕೊಡಲಿ ಕೂಡ ತಂದಿದ್ದ, ಅವಳು ಆಕ್ಸಿಜನ್ ಯಂತ್ರದ ಕೊಳವೆ ಮೂಗಿಗೆ ಸಿಕ್ಕಿಸಿಕೊಂಡು ಕಿಟಕಿಯಲ್ಲೇ ನಿಂತು ಒಡೀರಿ ನೋಡೋಣ, ಒಡೆದ್ರೆ ನಾನು ಕುಡಿದ ಧೂಳೆಲ್ಲ ದಂಡ, ಎಂದಳು, ಹಾಗಾದರೆ ಅವಳಿಗೆ ಗೊತ್ತಿತ್ತು, ಕೊಡಲಿಯನ್ನು ಗೋಡೆಗೆ ಒರಗಿಸಿದ, ಒಂದ್ಸಲ ನೀರಿನ ಮೇಲೆ ಅದ್ರೊಳಗೆ ಮಲಗ್ಬೇಕು ಕಣ್ರೀ, ಅಷ್ಟು ಮಾಡಿಕೊಡಿ, ಎಂದಳು. ನೀರಿನ ಮೇಲಾ, ತಲೆ ಕೆಟ್ಟಿದ್ಯೇನ್ರೀ, ಆ ಯಂತ್ರ ನಿಂತ್ರೆ ಏನ್ಮಾಡ್ತೀರಾ, ಎಂದರು ಡಾಕ್ಟರು. ನಿಲ್ಲದ ಹಾಗೆ ಮಾಡ್ತೀನಿ, ಎಂದ, ಅದೊಂದು ಇವನಿಗೆ ಬರುತ್ತಿದ್ದ ವಿದ್ಯೆ, ಜನ ತುಂಬಿದ ಲಿಫ್ಟು ನಡುವೆ ನಿಲ್ಲದ ಹಾಗೆ ನೋಡಿಕೊಂಡವನು. ಆಮೇಲೆ ಎಷ್ಟು ತಂತಿ ಎಳೆದ, ಎಷ್ಟು ಲೆಕ್ಕ ಹಾಕಿದ, ಆ ಯಂತ್ರ ರಾಕ್ಷಸನ ಹಾಗೆ ಕರೆಂಟು ತಿನ್ನುವಂಥದ್ದು, ಅದಕ್ಕೆ ಉಣಿಸಬೇಕೆಂದರೆ ಉಳಿದವರೆಲ್ಲ ಉಪವಾಸ, ಮೊದಲು ಫ್ರಿಜ್ಜು ಹೋಯಿತು, ತಾನಾಗಿ ಚುಕ್ಕಾಣಿ ಹಿಡಿಯುವ ಯಂತ್ರ ಹೋಯಿತು, ನಕಾಶೆ ತೋರಿಸುವ ದೊಡ್ಡ ಪರದೆ ಹೋಯಿತು, ಉಳಿದದ್ದು ಒಂದು ರೇಡಿಯೊ, ಆಳ ನೋಡುವ ಪೆಟ್ಟಿಗೆ, ಎರಡು ದೀಪ, ಆ ಫ್ಯಾನು. ಬದಲಿಗೆ ಮೆತ್ತೆಗಳನ್ನು ಅವಳೇ ಕೂತು ಹೊಲಿದಳು, ನಾಲ್ಕು ಹೊಲಿಗೆ, ವಿಶ್ರಾಂತಿ, ನಾಲ್ಕು ಹೊಲಿಗೆ, ಮಲಗಿದರೂ ನೀರು ಕಾಣಬೇಕೆಂದು ಹಟ ಹಿಡಿದಳು, ಮುಗಿದ ಗೋಡೆಯನ್ನು ಕೊರೆದು ಅವಳ ಕಣ್ಣಿನ ಮಟ್ಟಕ್ಕೆ ದುಂಡನೆಯ ಕಿಟಕಿ ಕೂರಿಸಿದ, ಹಲ್ಲುಜ್ಜೋಕೊಂದು ಜಾಗ ಬೇಡ್ವಾ ಎಂದಳು, ಕಾಲಿನಿಂದ ಒತ್ತಿದರೆ ನೀರು ಬರುವ ಪುಟ್ಟ ಬೇಸಿನ್ನೂ ಬಂತು. ಈ ರಬ್ಬರಿನ ಪಟ್ಟಿಯೊಳಗೆ ಕೂತ ಆ ಯಂತ್ರಕ್ಕೆ ಅತ್ತೆ ಎಂದು ಅವಳೇ ಹೆಸರಿಟ್ಟಳು, ಅತ್ತೆಯಿಲ್ಲದ ಮನೆಗೆ ಸೊಸೆಯಾಗಿ ಬಂದೆ ಅಂತ ಎಲ್ರೂ ಹೊಟ್ಟೆಕಿಚ್ಚು ಪಡ್ತಿದ್ರು, ಈಗ ಬಂದ್ರು ನೋಡಿ, ಹಗಲೂ ರಾತ್ರಿ ಪಕ್ಕದಲ್ಲೇ ಕೂತು ಗೊಣಗ್ತಾರೆ.

ಭಾವ, ಏನಾಯ್ತು, ಬರಲ್ವಾ ಸ್ಕ್ರೂ. ಬರ್ತಿದೆ, ಬರ್ತಿದೆ. ಎರಡನೆಯದೂ ಬಂತು, ಮೂರನೆಯದು ಸಲೀಸು — ಅವತ್ತು ದೋಣಿಯನ್ನು ಕಾಂಪೌಂಡು ಗೋಡೆಯ ಮೇಲಿಂದ ಕ್ರೇನಿನಲ್ಲಿ ಎತ್ತಿದವನೂ ಈ ಭಾವಮೈದುನನೇ, ಇಡೀ ಬೀದಿ ಬಾಯಿ ತೆರೆದು ನಿಂತಿತ್ತು, ಹಡಗಪ್ಪನ ಹಡಗು ಗಾಳಿಯಲ್ಲಿ ತೂಗುತ್ತಿತ್ತು, ಅವಳು ಗಾಲಿಕುರ್ಚಿಯಲ್ಲಿ ಕೂತು ಮಗುವಿನ ಹಾಗೆ ಚಪ್ಪಾಳೆ ತಟ್ಟಿದಳು, ಎರಡೇ ತಟ್ಟು, ಅಷ್ಟಕ್ಕೇ ಉಸಿರು ಹೋಯಿತು. ನೀರಿಗಿಳಿದ ಮೊದಲ ದಿನ ಅವಳನ್ನು ಎತ್ತಿಕೊಂಡು ಬಂದು ಈ ಮೆತ್ತೆಯ ಮೇಲೆ ಮಲಗಿಸಿದ, ಎಷ್ಟು ಹಗುರ, ಕೊಲ್ಲಿಯ ನಡುವೆ ಎಂಜಿನ್ನು ನಿಲ್ಲಿಸಿ ಲಂಗರು ಬಿಟ್ಟ, ಮಧ್ಯಾಹ್ನದ ಬಿಸಿಲು ನೀರಿನಿಂದ ಚಿಮ್ಮಿ ಚಾವಣಿಯಲ್ಲಿ ಕುಣಿಯುತ್ತಿದೆ, ಅವಳು ನೋಡುತ್ತಿದ್ದಾಳೆ, ಇವನು ನೋಡುತ್ತಿರುವುದು ಮುಳ್ಳನ್ನು, ಸ್ವಲ್ಪ ಇಳಿದಿದೆ, ಪರವಾಗಿಲ್ಲ, ಸಂಜೆವರೆಗೆ ಸಾಕು. ಅತ್ತೇನ ಸ್ವಲ್ಪ ಸುಮ್ನಿರೋಕೆ ಹೇಳಿ, ಎನ್ನುತ್ತಾಳೆ. ಏನು? ನಿಲ್ಸಿ ಅದನ್ನ, ನೀರಿನ ಸದ್ದು ಕೇಳ್ಬೇಕು. ಡಾಕ್ಟರು ಏನಂದಿದ್ದಾರೆ ಗೊತ್ತಲ್ವಾ. ಡಾಕ್ಟರು ಇಲ್ಲಿಲ್ವಲ್ಲ. ನಿಲ್ಲಿಸಿದ. ಗೊರಗೊರ ನಿಂತ ಮೇಲೆ ಮೊದಲು ಏನೂ ಇಲ್ಲ, ಕಿವಿ ತೂತುಬಿದ್ದ ಹಾಗೆ, ಆಮೇಲೆ ದೋಣಿಗೋಡೆಯ ಹಲಗೆಯ ಆಚೆಯಿಂದ, ಅವಳ ಕೆನ್ನೆಗೆ ಒಂದು ಬೆರಳಿನಷ್ಟು ದೂರದಿಂದ, ಲಪ್, ಲಪಲಪ್, ಯಾರೋ ಹಾಲು ಕುಡಿಯುವ ಹಾಗೆ, ಅವಳು ಕಣ್ಣರಳಿಸಿ ಎಷ್ಟು ಹತ್ರ ಇದೆ ಅಲ್ವಾ ಎಂದಳು, ನಾವು ಉಜ್ಜಿದ್ದು ಇಷ್ಟು ತೆಳ್ಳಗಾ. ಇವನು ಹೂಂ ಎಂದ, ಆದರೆ ಕಣ್ಣು ಅವಳ ಕೊರಳಿನ ಬುಡದಲ್ಲಿ ನೆಟ್ಟಿತ್ತು, ಎರಡು ಮೂಳೆಗಳ ನಡುವಿನ ಆ ಗುಳಿ, ಉಸಿರೆಳೆದಾಗೆಲ್ಲ ಒಳಗೆ ಇಳಿಯುತ್ತದೆ, ಒಂದು ನೆಲಗಡಲೆ ಹಿಡಿಸುವಷ್ಟು, ಮತ್ತೆ ಮೇಲೆ ಬರುತ್ತದೆ, ಮತ್ತೆ ಇಳಿಯುತ್ತದೆ, ಇನ್ನೂ ಆಳಕ್ಕೆ, ತುಟಿ ನೇರಳೆಗೆ ತಿರುಗುತ್ತಿದೆ, ಅವಳು ನಗುತ್ತಿದ್ದಾಳೆ, ಇವನ ಕೈ ಸ್ವಿಚ್ಚಿನ ಕಡೆ ಹೋಯಿತು, ಅವಳು ಮಣಿಕಟ್ಟು ಹಿಡಿದಳು, ಇನ್ನೊಂಚೂರು, ಎಂದಳು, ರೀ, ಇನ್ನೊಂಚೂರು. ಬಿಡಿಸಿಕೊಂಡು ಒತ್ತಿಬಿಟ್ಟ. ಗೊರಗೊರ ಶುರುವಾಯಿತು. ಅವಳು ಬೈಯಲಿಲ್ಲ, ಮುಖವನ್ನು ಹಲಗೆಯ ಕಡೆ ತಿರುಗಿಸಿ ಕಿವಿ ಅದಕ್ಕೆ ಒತ್ತಿಕೊಂಡಳು, ಕೇಳಿಸಿರಲಾರದು.

ಒತ್ತದೆ ಏನು ಮಾಡಬೇಕಿತ್ತು, ಯಾರಾದರೂ ಒತ್ತುತ್ತಿದ್ದರು, ಆದರೂ ಇನ್ನೊಂಚೂರು ಅಂದರೆ ಎಷ್ಟು, ಹತ್ತು ಉಸಿರು, ಐದು, ಐದಾದರೂ ಕೊಡಬಹುದಿತ್ತು, ತುಟಿ ನೇರಳೆ ಅಷ್ಟೇ ಆಗಿತ್ತು, ಅವಳು ಮತ್ತೆ ಕೇಳಲಿಲ್ಲ, ಮತ್ತೆ ದೋಣಿಗೆ ಬರುವಷ್ಟು ತ್ರಾಣವೂ ಉಳಿಯಲಿಲ್ಲ, ಕೊನೆಗೆ ಆಸ್ಪತ್ರೆಯ ಆ ಕೋಣೆ, ತಲೆದೆಸೆಯಲ್ಲಿ ಒಂದಲ್ಲ, ಸಾಲುಸಾಲು ಅತ್ತೆಯರು, ಒಂದು ಕೀಂಗುಟ್ಟಿದರೆ ಇನ್ನೊಂದು ಬುಸುಗುಟ್ಟುತ್ತದೆ, ಆ ಗದ್ದಲದಲ್ಲೇ ಹೋದಳು, ಅಲ್ಲಿ ಯಾವ ಸ್ವಿಚ್ಚೂ ಇವನ ಕೈಯಲ್ಲಿರಲಿಲ್ಲ. ಕೊನೇ ಸ್ಕ್ರೂ. ಭಾವ, ನಾನು ಬರ್ಲಾ ಒಳಗೆ, ಎಂದ ತಮ್ಮ. ಬೇಡ, ಅಲ್ಲೇ ಇರು. ಇವನು ಕೈ ಚಾಚಿ ಫ್ಯಾನು ಆರಿಸಿದ, ರೇಡಿಯೊ ಆರಿಸಿದ, ಆಳದ ಪೆಟ್ಟಿಗೆ ಆರಿಸಿದ, ದೀಪ ಆರಿಸಿದ, ಅವಳ ಮೆತ್ತೆಯ ಮೇಲೆ ಕೆನ್ನೆಯಿಟ್ಟ, ಹಲಗೆಗೆ ಕಿವಿ ಕೊಟ್ಟ, ಲಪ್, ಲಪಲಪ್, ಹೌದು, ಎಷ್ಟು ಹತ್ರ ಇದೆ, ಸ್ಕ್ರೂಡ್ರೈವರ್ ಸೀಳಿನಲ್ಲಿ ಕೂತಿದೆ, ತಿರುಗಿಸಬೇಕು, ತಿರುಗಿಸಿದರೆ ಆಯಿತು, ಕೈ ಬರುತ್ತಿಲ್ಲ, ಕಣ್ಣು ಮುಚ್ಚಿದರೂ ಅದೇ, ತೆರೆದರೂ ಅದೇ, ಎರಡು ಮೂಳೆಗಳ ನಡುವೆ ಆ ಗುಳಿ, ಇಳಿಯುತ್ತದೆ, ತುಂಬುತ್ತದೆ, ಇಳಿಯುತ್ತದೆ, ಅವಳು ನಗುತ್ತಿದ್ದಾಳೆ, ಆ ಗುಳಿ, ಇಳಿಯುತ್ತದೆ —