ಸಮಾಧಿಯ ಮೇಲೆ ದಾನಿಗಳ ಕಲ್ಲು

ಗಂಗಾಂಬಿಕೆಗೆ ಸಿಟ್ಟು ಬಂದರೆ ಇಡೀ ಬೀದಿಯೇ ಬಾಗಿಲು ಹಾಕಿಕೊಳ್ಳುತ್ತದೆ ಎಂದು ಊರಿನವರು ತಮಾಷೆ ಮಾಡುವುದುಂಟು. ಆ ದಿನದ ಸಿಟ್ಟನ್ನು ಕುರಿತು ಮಾತ್ರ ಯಾರೂ ತಮಾಷೆ ಮಾಡಲಿಲ್ಲ. ಮಾಡಲೂಬಾರದು.

ಗೋಪಾಲಸ್ವಾಮಿ ಬೆಟ್ಟದ ತಪ್ಪಲಲ್ಲಿ ಅವಳದೊಂದು ಹೊಲವಿತ್ತು. ಆ ಕಡೆಯ ಕಾಡಿನಿಂದ ಈ ಕಡೆಯ ಕಾಡಿಗೆ ಆನೆಗಳು ದಾಟುವುದಕ್ಕೆ ಉಳಿದಿದ್ದ ದಾರಿ ಅದೊಂದೇ. ಉಳಿದ ಕಡೆಯೆಲ್ಲ ಬೇಲಿ, ಅರಿಶಿನದ ಹೊಲ, ಕಲ್ಲು ಕ್ವಾರಿ. ತೊಂಬತ್ತೇಳರಲ್ಲಿ ಬೆಂಗಳೂರಿನ ಒಂದು ಟ್ರಸ್ಟಿನವರು ಚಂದಾ ಎತ್ತಿ, ಆ ದಾರಿಯನ್ನು ಆನೆಗಳಿಗೇ ಉಳಿಸುತ್ತೇವೆಂದು ಹೊಲ ಕೊಳ್ಳಲು ಬಂದರು. ಕ್ವಾರಿಯವನು ಅದಕ್ಕಿಂತ ಎರಡರಷ್ಟು ಕೊಡುತ್ತೇನೆಂದು ಮನೆ ಬಾಗಿಲಿಗೆ ಎಡತಾಕಿದ. ಗಂಗಾಂಬಿಕೆ ಅವನಿಗೆ ಕಾಫಿ ಕೂಡ ಕೊಡಲಿಲ್ಲ. ಅವಳ ಗಂಡ ಪುಟ್ಟಮಲ್ಲಪ್ಪ ಬದುಕಿದ್ದಷ್ಟು ಕಾಲ, ಆನೆ ದಾಟಲಿ ಎಂದು ಹೊಲದ ನಡುವಿನ ಪಟ್ಟೆಯನ್ನು ಬೀಳು ಬಿಟ್ಟಿದ್ದವನು. ಲಿಂಗವಂತರ ಪದ್ಧತಿಯಂತೆ ಅವನನ್ನು ಕೂರಿಸಿ ಮಣ್ಣು ಮಾಡಿದ್ದೂ ಅದೇ ಹೊಲದ ಮೂಲೆಯಲ್ಲಿ. ಮೇಲೊಂದು ಪುಟ್ಟ ಕಟ್ಟೆ ಕಟ್ಟಿಸಿದ್ದಳು.

"ಸಮಾಧಿ ಮುಟ್ಟಬ್ಯಾಡಿ. ವರ್ಸುಕ್ಕೊಂದ್ಸಲ ಪೂಜೆಗೆ ಬುಡಿ." ಮಾರುವಾಗ ಅವಳು ಕೇಳಿದ್ದು ಇಷ್ಟೇ. ಟ್ರಸ್ಟಿನ ಮ್ಯಾನೇಜರ್ ನೀಲಕಂಠಸ್ವಾಮಿ ಹೊರಗಿನವನಲ್ಲ, ಇದೇ ಸೀಮೆಯ ಬೇಗೂರಿನವನು, ಗಂಡನ ದಾಯಾದಿಯ ಮಗ. ಲಿಂಗ ಮುಟ್ಟಿ ಮಾತು ಕೊಟ್ಟ. ಪುಟ್ಟಮಲ್ಲಪ್ಪನನ್ನು ಕೂರಿಸಿದ ಗುಂಡಿಗೆ ವಿಭೂತಿ ಹಾಕಿದವನೂ ಅವನೇ.

ವರ್ಷದ ಪೂಜೆಗೆ ಬಿಲ್ವಪತ್ರೆ, ಎಡೆ ಹಿಡಿದುಕೊಂಡು ಗಂಗಾಂಬಿಕೆ ಹೋದರೆ ಅಲ್ಲಿ ಜೀಪುಗಳು, ಶಾಮಿಯಾನ, ತಿಂಡಿಯ ಘಮ. ಚಂದಾ ಕೊಟ್ಟವರನ್ನು ಅಂದೇ ಕರೆಸಿದ್ದರು. ಕೊಟ್ಟವರು ನೋಡಿಕೊಂಡು ಹೋಗಲಿ ಬಿಡು ಎಂದುಕೊಂಡು ಮೂಲೆಗೆ ನಡೆದಳು. ನೋಡುತ್ತಾಳೆ, ಸಮಾಧಿಯ ನೆತ್ತಿಯ ಮೇಲೆ ಸಿಮೆಂಟು ಹಾಕಿ ಕರಿಕಲ್ಲಿನ ಫಲಕ ನೆಟ್ಟಿದ್ದಾರೆ! ಫಲಕದ ತುಂಬ ದಾನಿಗಳ ಹೆಸರು, ಬಂಗಾರದ ಬಣ್ಣದಲ್ಲಿ. ಆ ಕಲ್ಲು ಬಂದದ್ದೂ ಅದೇ ಕ್ವಾರಿಯಿಂದ. ಕಟ್ಟೆಯ ಮೇಲೆ ಯಾರೋ ಎಂಜಲು ಟೀ ಲೋಟ ಇಟ್ಟಿದ್ದರು. ಅವಳ ಮೈಯೆಲ್ಲ ಉರಿದುಹೋಯಿತು.

"ಏನ್ಲಾ ನೀಲಕಂಠ, ಇದೇನ್ಲಾ ಮಾಡ್ಬುಟ್ಟೆ?"

"ಮೆಲ್ಲುಗೆ ಮಾತಾಡು ದೊಡ್ಡವ್ವ, ಗೆಸ್ಟ್ ಅವ್ರೆ," ಎಂದು ನೀಲಕಂಠಸ್ವಾಮಿ ಹಲ್ಲು ಕಿರಿದ. "ಜೀಪಿಂದ ಕಾಣ್ಬೇಕಲ್ಲ. ಕಟ್ಟೆ ಗಟ್ಟಿಯಾಗಿತ್ತು, ಎತ್ರಾನೂ ಇತ್ತು. ಫೋಟೋ ತೆಗೆಸ್ಕಂಡು ಓಗ್ಲಿ, ನಾಳೆ ಏನಾರ ಮಾಡನ."

"ನಾಳೆನಾ? ಅಲ್ಲೀಗಂಟ ಅವ್ರ ನೆತ್ತಿ ಮ್ಯಾಲೆ ಇದು ಕುಂತಿರ್ಬೇಕಾ? ಯಾರ್ಗ್ಲಾ ಈ ಎಸ್ರು? ಆನೆ ಬಂದು ಓದದಾ?"

ಗದ್ದಲ ಕೇಳಿ ಅತಿಥಿಗಳಲ್ಲಿ ಹಿರಿಯರೊಬ್ಬರು ಬಂದರು. ಸಂಗತಿ ತಿಳಿದು ಅವರ ಮುಖ ಸಪ್ಪಗಾಯಿತು.

"ನಮಗೆ ಗೊತ್ತೇ ಇರಲಿಲ್ಲಮ್ಮ. ನಿಮ್ಮ ಯಜಮಾನರ ಹೆಸರನ್ನೂ ಕಲ್ಲಿನಲ್ಲಿ ಸೇರಿಸಿಬಿಡೋಣ," ಎಂದರು.

ದೊಡ್ಡ ಉಪಕಾರ! ಚಂದಾ ಕೊಟ್ಟವರೆಲ್ಲ ಮೇಲೆ, ದಾರಿ ಬಿಟ್ಟವನು ತಳದಲ್ಲಿ, ಅದೂ ಜಾಗ ಉಳಿದಿದ್ದರೆ.

"ಏನೂ ಸೇರುಸ್ಬ್ಯಾಡಿ ಸ್ವಾಮಿ, ಕೀಳ್ಸಿ," ಎಂದವಳೇ ಗಂಗಾಂಬಿಕೆ ಫಲಕಕ್ಕೆ ಅಡ್ಡವಾಗಿ ಕೂತೇಬಿಟ್ಟಳು. ಅವಳನ್ನು ಬಿಟ್ಟು ಫೋಟೋ ತೆಗೆಯುವ ಹಾಗಿರಲಿಲ್ಲ. ಕೊನೆಗೆ ಆ ಹಿರಿಯರೇ ಹೇಳಿ ಹಾರೆ ತರಿಸಿದರು.

ಸಿಮೆಂಟು ಚೆನ್ನಾಗಿ ಕಚ್ಚಿತ್ತು. ಅದರಲ್ಲಿ ಮಾತ್ರ ಪುಣ್ಯಾತ್ಮರು ಜಿಪುಣತನ ಮಾಡಿರಲಿಲ್ಲ. ಹಾರೆ ಹಾಕಿ ಮೀಟಿದಾಗ ಕಲ್ಲಿನ ಜೊತೆಗೆ ಕಟ್ಟೆಯ ಅರ್ಧ ನೆತ್ತಿಯೂ ಕಿತ್ತುಬಂತು. ಒಳಗಿನ ಕೆಮ್ಮಣ್ಣು ಕಂಡಿತು. ಇವರ ಮುಂದೆ ಅಳಬಾರದೆಂದುಕೊಂಡಿದ್ದ ಗಂಗಾಂಬಿಕೆ ಅತ್ತುಬಿಟ್ಟಳು.

"ಅಳ್ಬ್ಯಾಡ ಬುಡು ದೊಡ್ಡವ್ವ. ನಾಳೆನೇ ಮೇಸ್ತ್ರಿ ಕರ್ಸಿ ಮೊದ್ಲುಗಿಂತ ಚೆಂದಾಗಿ ಕಟ್ಟುಸ್ತೀನಿ," ಎಂದು ನೀಲಕಂಠಸ್ವಾಮಿ ಹತ್ತಿರ ಬಂದ.

"ಮುಟ್ಬ್ಯಾಡ ಕಣ್ಲಾ!"

ಅವಳು ಸೆರಗಿನಲ್ಲಿ ಮಣ್ಣು ತುಂಬಿ ತಂದು ಒಡೆದ ಜಾಗಕ್ಕೆ ಸುರಿದಳು. ಅಂಗೈಯಲ್ಲಿ ತಟ್ಟಿ ತಟ್ಟಿ ಕೂರಿಸಿ, ಮೇಲೆ ಪತ್ರೆಯಿಟ್ಟು ಕೈಮುಗಿದಳು. ಆಮೇಲೆ ಎದ್ದು ಅವನ ಮುಖ ನೋಡಿದಳು.

"ಇದ್ನ ಆನೆ ತುಳುದ್ರೆ ತುಳೀಲಿ. ಒಳಗೆ ಯಾರವ್ರೆ ಅಂತ ಅದ್ಕೆ ಗೊತ್ತಿಲ್ಲ. ನಿಂಗೆ ಗೊತ್ತಿತ್ತು."